ಸಿಇಐಆರ್‌ನಿಂದ ನನ್ನ ಫೋನ್ ಸಿಕ್ಕಿತು, ಕಳ್ಳತನದ ಲೆಕ್ಕಕ್ಕೆ ಮಾತ್ರ ಸೇರಲಿಲ್ಲ

ಬಸ್ ಸ್ಟ್ಯಾಂಡ್ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ. ಫೋನ್ ಕಳೆದುಕೊಂಡವರು ಸಪ್ಪೆ ಮುಖ ಹಾಕಿಕೊಂಡು ಬರುತ್ತಾರೆ, ನಾನು ಸಿಇಐಆರ್‌ನಲ್ಲಿ, ಅಂದರೆ ಕಳೆದ ಫೋನ್ ಬ್ಲಾಕ್ ಮಾಡಿ ಹುಡುಕಲು ಸರ್ಕಾರ ಇಟ್ಟಿರುವ ವೆಬ್‌ಸೈಟ್‌ನಲ್ಲಿ, ಅರ್ಜಿ ತುಂಬಿಕೊಡುತ್ತೇನೆ. ಐವತ್ತು ರೂಪಾಯಿ. ಸರ್ಕಾರಕ್ಕೆ ಒಂದು ಪೈಸೆಯೂ ಕಟ್ಟಬೇಕಿಲ್ಲ, ಅದು ನನ್ನ ಕೂಲಿ. ಹೋದ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ನನ್ನದೇ ಫೋನ್ ಹೋಯಿತು. ಹೂವಿನ ಮಾರ್ಕೆಟ್‌ನಲ್ಲಿ ಕಾಲಿಡಲು ಜಾಗವಿಲ್ಲ. ಕಂಕುಳಲ್ಲಿ ಬಾಳೆಕಂದು. ಎರಡು ಮಾರು ಸೇವಂತಿಗೆಗೆ ದುಡ್ಡು ಕಳಿಸೋಣ ಅಂತ ಅಂಗಿ ಜೇಬಿಗೆ ಕೈ ಹಾಕಿದರೆ ಖಾಲಿ.

ಠಾಣೆಯಲ್ಲಿ ಕೂತಿದ್ದವರು ಮರ್ಯಾದೆಯಿಂದಲೇ ಮಾತಾಡಿಸಿದರು. "ಕಳ್ಳತನ ಅಂತ ಯಾಕೆ ಬರೀತೀರಾ ಸಾರ್, ಕದ್ದಿದ್ದು ನೋಡಿದ್ರಾ? ಕಳೆದುಹೋಗಿದೆ ಅಂತ ಇ-ಲಾಸ್ಟ್ ಮಾಡಿಬಿಡಿ, ಬೇಗ ಆಗುತ್ತೆ." ನೋಡಿದ್ದರೆ ಬಿಡುತ್ತಿದ್ದೆನೇ? ಆದರೆ ಹಬ್ಬದ ಹೊತ್ತು, ವಾದ ಮಾಡಲು ಪುರುಸೊತ್ತಿಲ್ಲ. ಹಾಗೇ ಮಾಡಿದೆ. ಇ-ಲಾಸ್ಟ್ ಅಂದರೆ ವಸ್ತು ಕಳೆದುಹೋಗಿದೆ ಅಂತ ಪೊಲೀಸರಿಗೆ ಆನ್‌ಲೈನ್‌ನಲ್ಲಿ ಕೊಡುವ ದೂರು.

ಈಗ ಸಿಇಐಆರ್ ವಿಷಯ. 2023ರ ಮೇ ತಿಂಗಳಿಂದ ಇದು ಇಡೀ ದೇಶಕ್ಕೆ ಸಿಗುತ್ತಿದೆ, ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟ್ ಒಳಗಿದೆ. ಮೊದಲು ಡೂಪ್ಲಿಕೇಟ್ ಸಿಮ್ ತಗೊಳ್ಳಿ. ಒಟಿಪಿ ಬೇಕಲ್ವಾ? ಹೊಸ ಸಿಮ್‌ಗೆ ಎಸ್ಸೆಮ್ಮೆಸ್ ಬರಲು ಒಂದು ದಿನ ಹಿಡಿಯುತ್ತದೆ, ಗಾಬರಿಯಾಗಬೇಡಿ. ದೂರಿನ ಪ್ರತಿ, ಒಂದು ಗುರುತಿನ ಚೀಟಿ, ಐಎಂಇಐ ನಂಬರ್ (ಪ್ರತಿ ಫೋನ್‌ಗೂ ಇರುವ ಅದರದೇ ಗುರುತಿನ ಸಂಖ್ಯೆ) ಇರಲಿ. ಜನ ತಡವರಿಸುವುದು ಆ ನಂಬರ್‌ಗೇ. ಫೋನ್ ಕೈಯಲ್ಲಿದ್ದಾಗಲೇ *#06# ಒತ್ತಿ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಫೋನ್ ಬಂದ ಡಬ್ಬ ಹುಡುಕಬೇಕು. ನನ್ನ ಹೆಂಡತಿ ಅದರಲ್ಲಿ ಗುಂಡಿ, ಪಿನ್ನು ತುಂಬಿಟ್ಟಿದ್ದಳು. ಅವಳಿಂದ ಬಚಾವಾದೆ.

ಅರ್ಜಿ ಹಾಕಿದ ಮೇಲೆ ಫೋನ್ ಯಾವ ಕಂಪನಿಯ ಸಿಮ್‌ಗೂ ಕೆಲಸ ಮಾಡುವುದಿಲ್ಲ. ಯಾರಾದರೂ ಸಿಮ್ ಹಾಕಿದರೆ ಪೊಲೀಸರಿಗೆ ಸುದ್ದಿ ಹೋಗುತ್ತದೆ. ಕದ್ದವನಿಗೆ ಅದು ಬರೀ ಗಾಜಿನ ತುಂಡು.

ಕಾಯುವ ದಿನಗಳಲ್ಲಿ ಡಿಗ್ರಿ ಹುಡುಗಿಯೊಬ್ಬಳು ಪ್ರಾಜೆಕ್ಟ್ ಪ್ರಿಂಟ್ ಹಾಕಿಸಲು ಬಂದಳು. ಎನ್‌ಸಿಆರ್‌ಬಿ, ಅಂದರೆ ದೇಶದ ಅಪರಾಧಗಳ ಲೆಕ್ಕ ಇಡುವ ಕೇಂದ್ರ ಸರ್ಕಾರದ ಸಂಸ್ಥೆಯ ಅಂಕಿಅಂಶ. ಪ್ರಿಂಟರ್ ನಿಧಾನ, ಸುಮ್ನೆ ಓದುತ್ತಾ ನಿಂತೆ. 2019ರಲ್ಲಿ ದೇಶದಲ್ಲಿ ದಾಖಲಾದ ಕಳ್ಳತನ ಸುಮಾರು 6.75 ಲಕ್ಷ. 2020ರಲ್ಲಿ 4.93 ಲಕ್ಷ. ಲಾಕ್‌ಡೌನ್‌ನಲ್ಲಿ ಎಲ್ಲರೂ ಮನೆಯಲ್ಲೇ ಇದ್ದರೆ ಕಳ್ಳನಿಗೂ ರಜೆ. 2022ಕ್ಕೆ ಮತ್ತೆ 6.5 ಲಕ್ಷ. ಸೈಬರ್ ಅಪರಾಧಕ್ಕೆ ರಜೆಯೇ ಇಲ್ಲ. 2019ರ 44 ಸಾವಿರ ಚಿಲ್ಲರೆ 2023ಕ್ಕೆ 86,420 ಆಗಿದೆ, ಅದರಲ್ಲಿ ನಮ್ಮ ಕರ್ನಾಟಕದ್ದೇ 21,889.

"ಇದರಲ್ಲಿ ನನ್ನ ಫೋನ್ ಎಲ್ಲಿದೆಯಮ್ಮಾ?" ಅಂದೆ.

"ಎಫ್‌ಐಆರ್ ಆಗಿದ್ಯಾ ಅಂಕಲ್?"

ಆಗಿಲ್ಲ. ಹಾಗಾದರೆ ಇಲ್ಲ. ಈ ಲೆಕ್ಕ ಎಫ್‌ಐಆರ್‌ನದ್ದು. ನನ್ನ ಅಂಗಡಿಗೆ ಬರುವ ಹತ್ತು ಜನರಲ್ಲಿ ಎಂಟು ಜನರ ಕೈಯಲ್ಲಿರುವುದು ಇ-ಲಾಸ್ಟ್ ರಸೀದಿ. ಬಸ್ ಹತ್ತುವಾಗ ಎಗರಿಸಿದರು ಅಂತಲೇ ಹೇಳುತ್ತಾರೆ, ಕಾಗದದಲ್ಲಿ ಮಾತ್ರ ಕಳೆದುಹೋಗಿರುತ್ತದೆ. ಕಳ್ಳತನ ಇಳಿಯಿತು, ಏರಿತು ಅಂತ ಟೀವಿಯಲ್ಲಿ ಬಂದಾಗೆಲ್ಲ ನನಗೆ ಈಗ ಆ ರಸೀದಿಗಳೇ ಕಣ್ಣ ಮುಂದೆ ಬರುತ್ತವೆ. ಫೋನ್ ವಾಪಸ್ ಬಂದರೆ ಸಾಕು ಅನ್ನುವವರು ಇ-ಲಾಸ್ಟ್ ಮಾಡಿ. ಕಳುವಾಗಿದ್ದು ಖಚಿತವಿದ್ದರೆ ಎಫ್‌ಐಆರ್ ಕೇಳಿ, ನನ್ನ ಹಾಗೆ ಹಬ್ಬದ ನೆಪ ಹೇಳಬೇಡಿ.

ನಲವತ್ತು ದಿನಕ್ಕೆ ಠಾಣೆಯಿಂದ ಕರೆ ಬಂತು. ಪಕ್ಕದ ಜಿಲ್ಲೆಯಲ್ಲಿ ಯಾರೋ ಸೆಕೆಂಡ್ ಹ್ಯಾಂಡ್ ಅಂತ ನಾಲ್ಕು ಸಾವಿರಕ್ಕೆ ಕೊಂಡಿದ್ದರಂತೆ. ಪಾಪ, ಕೊಳ್ಳುವ ಮುಂಚೆ ಕೆವೈಎಂ (KYM) ಅಂತ ಬರೆದು, ಜಾಗ ಬಿಟ್ಟು ಐಎಂಇಐ ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಮಾಡಿದ್ದರೆ ಬ್ಲಾಕ್ ಆಗಿರುವುದು ತಿಳಿಯುತ್ತಿತ್ತು.

ಸಿಇಐಆರ್‌ಗೆ ಐದಕ್ಕೆ ನಾಲ್ಕೂವರೆ.

ಮನೆಗೆ ತಂದು ಸಿಮ್ ಹಾಕಿದೆ. ನೆಟ್‌ವರ್ಕ್ ಇಲ್ಲ. ಸಿಮ್ ತೆಗೆದೆ, ಒರೆಸಿದೆ, ಕಂಪನಿಯವರಿಗೆ ಬೈದೆ. ಅರ್ಧ ಗಂಟೆ ಆದ ಮೇಲೆ ಹೆಂಡತಿ ಕೇಳಿದಳು: "ರೀ, ಅನ್‌ಬ್ಲಾಕ್ ಮಾಡಿದ್ರಾ?"