ಗಂಡಿಲ್ಲದಿದ್ದರೂ ಮೊಟ್ಟೆ ಇಡುತ್ತೆ, ನನ್ನಂತೆ ಏಮಾರಬೇಡಿ

ಸಿಡ್ನಿಯಲ್ಲಿ ಲೈಸೆನ್ಸ್ ಮಾಡಿಸಿ ಒಂದು ಹೆಣ್ಣು ಬಿಯರ್ಡೆಡ್ ಡ್ರ್ಯಾಗನ್ (ಇಲ್ಲಿನ ಒಂದು ಜಾತಿಯ ಹಲ್ಲಿ) ಸಾಕಿದ್ದೇವೆ. ದುಂಡಗಿದ್ದಾಳೆ ಅಂತ ಗುಂಡಿ ಎಂದು ಹೆಸರಿಟ್ಟೆವು. ಮೈಸೂರಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ "ನಿನ್ನ ಓತಿಕ್ಯಾತ ಹೇಗಿದೆ?" ಅಂತಾರೆ. ತಪ್ಪೇನಿಲ್ಲ, ಎರಡೂ ಒಂದೇ ಕುಟುಂಬದವು.

ಸೆಪ್ಟೆಂಬರಿನಲ್ಲಿ, ಅಂದರೆ ಇಲ್ಲಿನ ವಸಂತದಲ್ಲಿ, ಗುಂಡಿ ಊಟ ಬಿಟ್ಟಳು. ಇಡೀ ದಿನ ಗೂಡಿನ ಟೈಲ್ಸ್ ಕೆರೆಯುವುದು, ಗಾಜು ಹತ್ತುವುದು. ಆಗ ಅವಳಿಗೆ 14 ತಿಂಗಳು. ಮೊಟ್ಟೆ ಇಡೋಕಾ ಅಂತ ಸಾಕುಪ್ರಾಣಿ ಅಂಗಡಿಯವನನ್ನು ಕೇಳಿದೆ. "ಗಂಡು ಇಲ್ವಲ್ಲ, ಮೊಟ್ಟೆ ಎಲ್ಲಿಂದ ಬರುತ್ತೆ?" ಅಂದ. ನಾನೂ ನಂಬಿದೆ. ಫಾರಂ ಕೋಳಿ ಹುಂಜವಿಲ್ಲದೆ ಮೊಟ್ಟೆ ಇಡೋದು ಗೊತ್ತಿದ್ದೂ ನಂಬಿದೆನಲ್ಲ, ಅದೇ ಬೇಜಾರು.

ಒಂದು ಬೆಳಿಗ್ಗೆ ಟೈಲ್ಸ್ ಮೇಲೆ ಆರು ಮೊಟ್ಟೆ ಚೆಲ್ಲಿದ್ದವು. ಮುಗೀತು ಅಂದುಕೊಂಡೆ. ಮೂರನೇ ದಿನ ಕಾಲ್ಬೆರಳು ಅದುರತೊಡಗಿದವು, ಮೈ ಎತ್ತಲಾಗದೆ ಚಪ್ಪಟೆ ಬಿದ್ದಿದ್ದಳು. ಸರೀಸೃಪ ನೋಡುವ ವೈದ್ಯರ ಹತ್ತಿರ ಓಡಿದೆವು. ಎಕ್ಸ್‌ರೇಯಲ್ಲಿ ಇನ್ನೂ 15 ಮೊಟ್ಟೆ ಒಳಗೇ! ಅಗೆಯಲು ಮಣ್ಣಿಲ್ಲದ್ದಕ್ಕೆ ತಡೆದುಕೊಂಡಿದ್ದಾಳೆ, ಜೊತೆಗೆ ಕ್ಯಾಲ್ಸಿಯಂ ಬರಿದಾಗಿದೆ ಅಂದರು. ಊಟಕ್ಕೆ ಕ್ಯಾಲ್ಸಿಯಂ ಪುಡಿಯೇನೋ ಹಾಕುತ್ತಿದ್ದೆ, ಆದರೆ ಯುವಿಬಿ (ಬಿಸಿಲಲ್ಲಿರುವ ಒಂದು ಬಗೆಯ ಅತಿನೇರಳೆ ಕಿರಣ) ಕೊಡುವ ಟ್ಯೂಬ್ ಲೈಟ್ ತುಂಬಾ ಹಳೆಯದು. ಬೆಳಕು ಚೆನ್ನಾಗಿಯೇ ಬರುತ್ತಿತ್ತು, ಯುವಿಬಿ ಸತ್ತಿತ್ತು. ಅದಿಲ್ಲದಿದ್ದರೆ ಮೈಯಲ್ಲಿ ವಿಟಮಿನ್ ಡಿ3 ಆಗಲ್ಲ, ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲ್ಲ.

ಕ್ಯಾಲ್ಸಿಯಂ ಇಂಜೆಕ್ಷನ್, ಡ್ರಿಪ್ ಕೊಟ್ಟರು. ಇಷ್ಟಕ್ಕೂ ಇಡದಿದ್ದರೆ ಆಪರೇಷನ್ನೇ ಅಂದರು. ಹೊಟ್ಟೆ ನೀವಿ ನೋಡಲೇ ಅಂತ ಕೇಳಿದ್ದಕ್ಕೆ ಬೈದರು. ಮೊಟ್ಟೆ ಒಳಗೇ ಒಡೆದರೆ ಜೀವಕ್ಕೇ ಅಪಾಯವಂತೆ.

ಅವತ್ತೇ ದೊಡ್ಡ ಪ್ಲಾಸ್ಟಿಕ್ ಡಬ್ಬಕ್ಕೆ 30 ಸೆಂಟಿಮೀಟರ್ ಮರಳು-ಮಣ್ಣು ಬೆರೆಸಿ ತುಂಬಿದೆ. ಗೊಬ್ಬರ ಬೆರೆಸಿದ ಮಣ್ಣು ಬೇಡ. ಹದ ಹೇಗಿರಬೇಕೆಂದರೆ, ಹಿಡಿಯಲ್ಲಿ ಉಂಡೆ ಕಟ್ಟಿದರೆ ನಿಲ್ಲಬೇಕು, ಹಿಂಡಿದರೆ ನೀರು ಬರಬಾರದು. ಒಣಗಿದ್ದರೆ ಸುರಂಗ ಕುಸಿಯುತ್ತೆ, ಅವಳು ಮತ್ತೆ ಬಿಟ್ಟುಬಿಡುತ್ತಾಳೆ. ಮೇಲೆ ಬಟ್ಟೆ ಹೊದಿಸಿ, ಇಣುಕದೆ ಬಿಟ್ಟೆವು. ಮಗನನ್ನು ತಡೆಯೋದೇ ಕಷ್ಟವಾಯಿತು. ಮರುದಿನ ಸಂಜೆಗೆ ಹದಿನೈದೂ ಬಂದವು.

ಆಮೇಲಿನ ಗುಂಡಿಯನ್ನು ನೋಡಲಾಗುತ್ತಿರಲಿಲ್ಲ. ಹೊಟ್ಟೆ ಜೋತು ಬಿದ್ದು, ಸೊಂಟದ ಮೂಳೆ ಎದ್ದಿತ್ತು. ಉಗುರುಬೆಚ್ಚನೆ ನೀರಲ್ಲಿ ಕೂರಿಸಿದೆ, ಮೂತಿಗೆ ಹನಿ ಹನಿ ನೀರು ಬಿಟ್ಟೆ. ಹಸಿವಾದ ಮೇಲೆ ಕ್ಯಾಲ್ಸಿಯಂ ಪುಡಿ ಹೊರಳಿಸಿದ ಹುಳ, ಜಿರಲೆ. ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗುತ್ತಿದ್ದೆ (ಹೆಂಡತಿ ಈಗ ಬೇರೆ ತಕ್ಕಡಿ ತಂದಿದ್ದಾಳೆ).

ಅಕ್ಟೋಬರ್ ಕೊನೆಯಲ್ಲಿ ಮತ್ತೆ ಹೊಟ್ಟೆ ಉಬ್ಬಿತು, ದ್ರಾಕ್ಷಿ ಗೊಂಚಲಿನಂತೆ ಉಬ್ಬುತಗ್ಗು. ಡಬ್ಬ ಮೊದಲೇ ಸಿದ್ಧವಿತ್ತು. ಅಗೆದು, ಇಟ್ಟು, ಮುಚ್ಚಿ, ಮೂತಿಯಿಂದ ಮಣ್ಣು ತಟ್ಟಿ ತಟ್ಟಿ ಸಮ ಮಾಡಿದಳು. ಎಲ್ಲಿ ಅಗೆದಿದ್ದಳೋ ನಮಗೇ ಗೊತ್ತಾಗಲಿಲ್ಲ.