ಮೂರು ಕುರ್ಚಿಗಳು, ಮೂರು ಬಗೆಯ ಸವೆತ

ಬರೆಯುವ ಮೇಜಿನ ಮುಂದೆ ಇಟ್ಟುಕೊಳ್ಳಲು ನನಗೆ ಕೈಯಾಸರೆಯುಳ್ಳ ಮರದ ಕುರ್ಚಿಯೊಂದು ಬೇಕಾಗಿತ್ತು. ಕನ್ನಡಿಯಂತೆ ಹೊಳೆಯುವ ಹೊಸ ಕುರ್ಚಿಗಳು ಮನಸ್ಸಿಗೆ ಹಿಡಿಸದ ಕಾರಣ, ಕಾಲದ ಗುರುತೋ ಕೈಯ ಗುರುತೋ ಉಳಿದಿರುವಂಥದ್ದನ್ನೇ ತರಬೇಕೆಂದು ನಿಶ್ಚಯಿಸಿದೆ. ಹುಡುಕತೊಡಗಿದಾಗ ಮೂರು ದಾರಿಗಳು ಕಂಡವು. ಯಾರದೋ ಮನೆಯಲ್ಲಿ ದಶಕಗಳ ಕಾಲ ಸವೆದು ಬಂದ ಹಳೆಯ ಕುರ್ಚಿ ಒಂದು. ಬಡಗಿಯೊಬ್ಬರು ಕೈಯಿಂದ ಮಾಡಿಕೊಡುವ ಹೊಸ ಕುರ್ಚಿ ಇನ್ನೊಂದು. ಹಳೆಯದೆಂದು ತೋರುವ ಹಾಗೆ ಕಾರ್ಖಾನೆಯಲ್ಲೇ ಸವೆಸಿ ಕಳುಹಿಸುವ ಕುರ್ಚಿ ಮತ್ತೊಂದು. ಆಯ್ಕೆ ಮಾಡಲಾಗದೆ ಸ್ವಲ್ಪ ಮುಂಚುಹಿಂಚಾಗಿ ಮೂರನ್ನೂ ತಂದೆ. ತಲಾ ನಾಲ್ಕು ತಿಂಗಳಂತೆ ಒಂದು ವರ್ಷ, ಒಂದೇ ಮೇಜಿಗೆ, ಒಂದೇ ಕಿಟಕಿಯ ಬೆಳಕಿನಲ್ಲಿ, ದಿನಕ್ಕೆ ಐದಾರು ಗಂಟೆ ಕುಳಿತು ನೋಡಿದ ಮೇಲೆ ಈ ಹೋಲಿಕೆಯನ್ನು ಬರೆಯುತ್ತಿದ್ದೇನೆ.

ಮೊದಲು ಕಾರ್ಖಾನೆಯ ಕುರ್ಚಿಯ ವಿಷಯ, ಏಕೆಂದರೆ ಅದರ ಬಗ್ಗೆ ನನಗಿದ್ದ ಪೂರ್ವಗ್ರಹ ಮೊದಲ ದಿನವೇ ಅರ್ಧ ಕರಗಿತು. ಕುಳಿತುಕೊಳ್ಳುವುದಷ್ಟೇ ಮುಖ್ಯವೆನ್ನುವವರಿಗೆ ಮೂರರಲ್ಲಿ ಇದೇ ಉತ್ತಮ. ಆಸನದ ಎತ್ತರ, ಬೆನ್ನಾಸರೆಯ ಓರೆ, ಮೊಣಕೈ ಕೂರುವ ಮಟ್ಟ ಎಲ್ಲವೂ ಅಳತೆ ಮಾಡಿಸಿದಂತೆ ಇದ್ದವು. ನಾಲ್ಕು ಕಾಲುಗಳೂ ನೆಲವನ್ನು ಒಂದೇ ಸಮ ಮುಟ್ಟುತ್ತಿದ್ದವು. ದೂರದಿಂದ ನೋಡಿದರೆ ಮಾಸಿದ ಹಸಿರು ಬಣ್ಣ, ಅಂಚುಗಳಲ್ಲಿ ಬಣ್ಣ ಹೋಗಿ ಇಣುಕುವ ಕಂದು, ಅಲ್ಲಲ್ಲಿ ಹುಳು ಕೊರೆದ ತೂತುಗಳು. ಮನೆಗೆ ಬಂದ ಇಬ್ಬರು ಅತಿಥಿಗಳು ಹಳೆಯ ಕುರ್ಚಿಯನ್ನು ಬಿಟ್ಟು ಇದನ್ನೇ ಮೆಚ್ಚಿದರು ಎಂಬುದನ್ನೂ ಮುಚ್ಚಿಡುವುದಿಲ್ಲ.

ಎರಡನೆಯ ವಾರದ ಹೊತ್ತಿಗೆ ಕಣ್ಣು ಚುರುಕಾಯಿತು. ಬೆನ್ನಾಸರೆಯ ಪಟ್ಟಿಗಳ ಒಳಮೂಲೆಯಲ್ಲಿ, ಅಂದರೆ ಯಾರ ಕೈಯೂ ಬಟ್ಟೆಯೂ ತಾಗದ ಕಡೆಯಲ್ಲಿ, ಬಣ್ಣ ಚೆನ್ನಾಗಿ ಸವೆದಿತ್ತು. ಅಂಗೈ ದಿನವಿಡೀ ಊರುವ ಕೈಯಾಸರೆಯ ತುದಿಯಲ್ಲಿ ಬಣ್ಣ ಹೊಚ್ಚಹೊಸದಾಗಿತ್ತು. ಹುಳುವಿನ ತೂತುಗಳೆಲ್ಲ ಒಂದೇ ಆಳ, ಒಂದೇ ದಿಕ್ಕು. ದಬ್ಬಳದಿಂದ ಚುಚ್ಚಿದಂತೆ ನೇರವಾಗಿದ್ದವು. ನಿಜವಾದ ಮರಹುಳು ಮರದೊಳಗೆ ಸೊಟ್ಟಂಬಟ್ಟ ಸುರಂಗ ಕೊರೆದುಕೊಂಡು ಹೋಗುತ್ತದೆ, ಮೇಲೆ ಕಾಣುವ ತೂತು ಅದು ಹೊರಬಿದ್ದ ಬಾಗಿಲು ಮಾತ್ರ. ನನ್ನನ್ನು ನಗಿಸಿದ್ದು ಮುಂಗಾಲುಗಳ ಮೇಲಿದ್ದ ಒಂದು ಗೀರು. ಎಡಗಾಲಿನಲ್ಲಿ ಬಾಲ ಬಾಗಿದ ಮೀನಿನಂತಿದ್ದ ಆ ಗೀರು ಬಲಗಾಲಿನಲ್ಲಿಯೂ ಅದೇ ಎತ್ತರದಲ್ಲಿ, ಅದೇ ಬಾಲದೊಂದಿಗೆ ಇತ್ತು.

ಇಷ್ಟಾದರೂ ಇದನ್ನು ವೇಷವೆಂದು ಕ್ಷಮಿಸಬಹುದಿತ್ತು. ಮೂರನೆಯ ತಿಂಗಳಲ್ಲಿ, ನಾನು ಪಾದ ಊರುವ ಮುಂದಿನ ಅಡ್ಡಪಟ್ಟಿಯಲ್ಲಿ ನಿಜವಾದ ಸವೆತ ಶುರುವಾಯಿತು. ಹಸಿರು ಹೋಯಿತು, ಅದರ ಕೆಳಗಿನ ಕಂದು ಹೋಯಿತು, ಆಮೇಲೆ ಹೊರಬಂದದ್ದು ಒದ್ದೆ ರಟ್ಟಿನ ಬಣ್ಣದ, ಎಳೆಯೇ ಇಲ್ಲದ ಹಿಟ್ಟಿನಂಥ ಪದಾರ್ಥ. ಕಾಲುಗಳು ಮಾತ್ರ ಮರದವು. ಪಟ್ಟಿಗಳು ಮರದ ನಾರನ್ನು ಅಂಟಿನೊಡನೆ ಒತ್ತಿ ಮಾಡಿದ ಎಂ.ಡಿ.ಎಫ್. ಹಲಗೆಯಿಂದ ಕೊಯ್ದವು. ನೆಲ ಒರೆಸಿದ ನೀರು ತಾಗಿದ ಕಡೆ ಅದು ಉಬ್ಬಿತು, ಒಣಗಿದ ಮೇಲೂ ಇಳಿಯಲಿಲ್ಲ. ಸಡಿಲವಾದ ಸ್ಕ್ರೂವನ್ನು ಎರಡು ಸಲ ಬಿಗಿ ಮಾಡಿದೆ. ಮೂರನೆಯ ಸಲ ಅದು ಹಿಡಿತವಿಲ್ಲದೆ ಸುಮ್ಮನೆ ಸುತ್ತತೊಡಗಿತು. ಸವೆಯುವುದು ಬೇರೆ, ಹಾಳಾಗುವುದು ಬೇರೆ ಎಂಬುದು ನನಗೆ ಸ್ಪಷ್ಟವಾದದ್ದು ಆ ಅಡ್ಡಪಟ್ಟಿಯನ್ನು ನೋಡಿದಾಗಲೇ. ಹೊರಗಿನದೂ ಒಳಗಿನದೂ ಒಂದೇ ಆಗಿರುವ ವಸ್ತು ಸವೆಯಬಲ್ಲದು. ಮೇಲೊಂದು ಪದರ, ಕೆಳಗೆ ಇನ್ನೇನೋ ಇರುವ ವಸ್ತುವಿಗೆ ಆ ಭಾಗ್ಯವಿಲ್ಲ. ಈ ಒಂದು ಅಳತೆಗೋಲನ್ನು ಹಿಡಿದೇ ಉಳಿದೆರಡನ್ನೂ ನೋಡಿದೆ.

ಹಳೆಯ ಕುರ್ಚಿ ಬಂದ ದಿನ ನಾನು ಮಾಡಿದ ಮೊದಲ ಕೆಲಸ ಅದನ್ನು ತಲೆಕೆಳಗು ಮಾಡಿ ನೆಲದ ಮೇಲಿಟ್ಟು ಟಾರ್ಚ್ ಬೆಳಕಿನಲ್ಲಿ ಅದರ ಹೊಟ್ಟೆ ನೋಡಿದ್ದು. ಹಳೆಯ ಪೀಠೋಪಕರಣ ಮುಂಭಾಗದಲ್ಲಿ ಏನನ್ನು ಬೇಕಾದರೂ ಹೇಳೀತು, ತಳದಲ್ಲಿ ಸುಳ್ಳು ಹೇಳುವುದು ಕಷ್ಟ. ಆಸನದ ಹಲಗೆಯ ಅಡಿಯಲ್ಲಿ ಗರಗಸದ ಗೆರೆಗಳು ನೇರವಾಗಿ, ಆದರೆ ಒಂದಕ್ಕೊಂದು ಸರಿಸಮವಾಗಿರದೆ ಸ್ವಲ್ಪ ಓಲಾಡುತ್ತ ಸಾಗಿದ್ದವು. ಯಂತ್ರದ ದುಂಡು ಗರಗಸವಾಗಿದ್ದರೆ ಕಮಾನಿನಂತೆ ಬಾಗಿದ ಗೆರೆಗಳು ಉಳಿಯುತ್ತಿದ್ದವು. ನೋಟಕ್ಕೆ ದುಂಡಗಿದ್ದ ಕಾಲನ್ನು ಅಳೆದಾಗ ಒಂದು ದಿಕ್ಕಿನಲ್ಲಿ 34 ಮಿಲಿಮೀಟರ್, ಅದಕ್ಕೆ ಅಡ್ಡ ದಿಕ್ಕಿನಲ್ಲಿ 33 ಬಂತು. ಇದು ಬಡಗಿಯ ತಪ್ಪಲ್ಲ. ಮರ ಒಣಗುವಾಗ ಉದ್ದಕ್ಕೆ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ; ಅಡ್ಡಕ್ಕೆ ಕುಗ್ಗುತ್ತದೆ, ಅದರಲ್ಲಿಯೂ ವರ್ಷದುಂಗುರದ ಗುಂಟ ಆಗುವ ಕುಗ್ಗುವಿಕೆ, ನಡುವಿನಿಂದ ತೊಗಟೆಯತ್ತ ಆಗುವುದರ ಸುಮಾರು ಎರಡು ಪಟ್ಟು. ಹಾಗಾಗಿ ದುಂಡಗೆ ಕಡೆದ ಕಾಲು ದಶಕಗಳಲ್ಲಿ ತಾನಾಗಿಯೇ ಅಂಡಾಕಾರಕ್ಕೆ ತಿರುಗುತ್ತದೆ. ಕಣ್ಣಿಗೆ ಕಾಣದ ಈ ಒಂದು ಮಿಲಿಮೀಟರು ನನಗೆ ಆ ಕುರ್ಚಿಯ ಅತ್ಯಂತ ಚೆಲುವಾದ ಸಂಗತಿಗಳಲ್ಲೊಂದು.

ಸವೆತದ ವಿಷಯದಲ್ಲಿ ಇದು ತೆರೆದ ದಿನಚರಿ. ಮುಂದಿನ ಅಡ್ಡಪಟ್ಟಿ ನಡುವಿನಲ್ಲಿ ಅಲ್ಲ, ಸ್ವಲ್ಪ ಎಡಕ್ಕೆ ಹಳ್ಳವಾಗಿತ್ತು. ಕುಳಿತವರು ಒಂದೇ ಪಾದವನ್ನು ಎತ್ತಿ ಊರುತ್ತಿದ್ದಿರಬೇಕು. ಕೈಯಾಸರೆಗಳ ತುದಿ ಬೆರಳು ಸುತ್ತುವ ಕಡೆ ಮಾತ್ರ ನುಣುಪಾಗಿ, ಹಿಂಬದಿಯಲ್ಲಿ ಅಂಚು ಇನ್ನೂ ಚೂಪಾಗಿತ್ತು. ಬೆವರು, ಚರ್ಮದ ಜಿಡ್ಡು, ಪಾಲಿಶ್‌ನಲ್ಲಿ ಸಿಕ್ಕಿಕೊಂಡ ಧೂಳು, ಬೆಳಕು ಎಲ್ಲವೂ ಸೇರಿ ಆ ಭಾಗಕ್ಕೆ ಬಂದಿದ್ದ ಕಪ್ಪುಗೆಂಪು ಬಣ್ಣವನ್ನು ಯಾವ ಡಬ್ಬದಿಂದಲೂ ಹಚ್ಚಲಾಗದು.

ಇದನ್ನು ಅರಿಯುವ ಮೊದಲೇ ನಾನು ಅದರ ಅರ್ಧವನ್ನು ನಾಶ ಮಾಡಿದ್ದೆ. ತಂದ ಮೊದಲ ಭಾನುವಾರ ಕೊಳೆ ತೆಗೆಯುವ ಉತ್ಸಾಹದಲ್ಲಿ ಬಲ ಕೈಯಾಸರೆಯನ್ನು ಉಪ್ಪುಕಾಗದದಿಂದ ಉಜ್ಜಿದೆ. ಐದು ನಿಮಿಷವೂ ಆಗಿರಲಿಲ್ಲ. ಕಪ್ಪುಗೆಂಪು ಹೋಗಿ ಬಿಸ್ಕತ್ತಿನ ಬಣ್ಣದ ಮರ ಮೇಲೆ ಬಂತು. ಎಡದ ಕೈಯಾಸರೆ ಹಿರಿಯರಂತೆ, ಬಲದ್ದು ತಲೆ ಬೋಳಿಸಿಕೊಂಡ ಹುಡುಗನಂತೆ ಇವತ್ತಿಗೂ ಅಕ್ಕಪಕ್ಕ ಇವೆ. ಮೆದು ಬಟ್ಟೆಯನ್ನು ತುಸುವೇ ಒದ್ದೆ ಮಾಡಿ ಒರೆಸಿ, ಒಣಬಟ್ಟೆಯಿಂದ ತಿಕ್ಕಿದ್ದರೆ ಸಾಕಿತ್ತು.

ಆದರೆ ಹಳೆಯ ಕುರ್ಚಿಯ ದೊಡ್ಡ ಗುಣ ತಪ್ಪುಗಳನ್ನು ತಾಳಿಕೊಳ್ಳುವುದು. ಕಾಣದ ಮೂಲೆಯಲ್ಲಿ ಮದ್ಯಸಾರದಲ್ಲಿ ಅದ್ದಿದ ಹತ್ತಿಯನ್ನು ಒತ್ತಿದಾಗ ಪಾಲಿಶ್ ಅಂಟಂಟಾಯಿತು. ಅಂದರೆ ಅದು ಅರಗಿನ ಹುಳುವಿನ ಸ್ರಾವದಿಂದ ಮಾಡುವ ಶೆಲಾಕ್. ಇಂದಿನ ಪಾಲಿಯುರಿಥೇನ್ ಲೇಪ ಹೀಗೆ ಮದ್ಯಸಾರಕ್ಕೆ ಕರಗುವುದಿಲ್ಲ. ಶೆಲಾಕ್ ನಾಜೂಕಿನದು, ಬಿಸಿ ಲೋಟವೊಂದನ್ನು ಮರೆತು ಎಡ ಕೈಯಾಸರೆಯ ಮೇಲಿಟ್ಟದ್ದಕ್ಕೆ ಬಿಳಿಯ ಉಂಗುರವೊಂದು ಮೂಡಿತು. ಆದರೆ ಹೊಸ ಶೆಲಾಕ್ ಹಚ್ಚಿದರೆ ಅದರಲ್ಲಿರುವ ಮದ್ಯಸಾರ ಹಳೆಯ ಪದರವನ್ನು ಕರಗಿಸಿ ಎರಡೂ ಒಂದಾಗುತ್ತವೆ. ತೆಳ್ಳಗೆ ಎರಡು ಸಲ ಹಚ್ಚಿದ ಮೇಲೆ ಉಂಗುರ ಹುಡುಕಿದರೆ ಮಾತ್ರ ಸಿಗುವಂತಾಯಿತು. ಕೀಲುಗಳ ಕಥೆಯೂ ಹೀಗೆಯೇ. ಪ್ರಾಣಿಗಳ ಚರ್ಮ, ಮೂಳೆ ಬೇಯಿಸಿ ತೆಗೆದ ಅಂಟಿನಿಂದ ಕೂಡಿಸಿದ್ದ ಹಿಂಗಾಲಿನ ಕೀಲು ಕಳಚಿಕೊಂಡಿತ್ತು. ಬಿಸಿಯೂ ತೇವವೂ ಸೋಕಿದರೆ ಆ ಅಂಟು ಬಿಟ್ಟುಕೊಡುತ್ತದೆ, ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದ ಅದೇ ಬಗೆಯ ಹೊಸ ಅಂಟು ಹಳೆಯದರ ಮೇಲೆಯೇ ಹಿಡಿಯುತ್ತದೆ. ಬಿಚ್ಚಲು ಬರುವಂತೆ ಜೋಡಿಸುವುದನ್ನು ಆ ಬಡಗಿಗಳು ದೌರ್ಬಲ್ಯವೆಂದು ಭಾವಿಸಿರಲಿಕ್ಕಿಲ್ಲ.

ದೂರುಗಳೂ ಇವೆ. ಕಾಲುಗಳ ತಳ ಸವೆದು ಆಸನ 41 ಸೆಂಟಿಮೀಟರಿಗೆ ಇಳಿದಿತ್ತು. ನನ್ನ ಮೇಜಿಗೆ ಅದು ಸಾಲದು, ಭುಜ ನೋಯುತ್ತಿತ್ತು. ಗಾಳಿ ಒಣಗಿದ ದಿನಗಳಲ್ಲಿ ಕುರ್ಚಿ ಕಿರುಗುಟ್ಟುತ್ತಿತ್ತು. ಎರಡನೆಯ ತಿಂಗಳಲ್ಲಿ ನೆಲದ ಮೇಲೆ ಚಿಟಿಕೆಯಷ್ಟು ತಿಳಿ ಬಣ್ಣದ ಪುಡಿ ಕಂಡಿತು. ಹಳೆಯ ತೂತುಗಳ ಒಳಗೋಡೆ ಕಪ್ಪಾಗಿರುತ್ತದೆ. ತಿಳಿ ಬಣ್ಣದ ತೂತು, ತಾಜಾ ಪುಡಿ ಎಂದರೆ ಹುಳು ಇನ್ನೂ ಒಳಗಿದೆ ಎಂದರ್ಥ. ಕುರ್ಚಿಯನ್ನು ಉಳಿದ ಪೀಠೋಪಕರಣಗಳಿಂದ ಬೇರ್ಪಡಿಸಿ ಮದ್ದು ಮಾಡಿಸಬೇಕಾಯಿತು. ಹಳೆಯದನ್ನು ತರುವವರು ಈ ಒಂದು ಪರೀಕ್ಷೆಯನ್ನಾದರೂ ಮನೆಯೊಳಗೆ ತರುವ ಮೊದಲೇ ಮಾಡಬೇಕು.

ಬೆನ್ನಾಸರೆಯ ಒಂದು ಕಡ್ಡಿ ಮುರಿದಿದ್ದರಿಂದ ಹೊಸದನ್ನು ಕೂರಿಸಿ, ಗುರುತು ಸಿಗದಂತೆ ಬಣ್ಣ ಹೊಂದಿಸಿದ್ದೆ. ಕಿಟಕಿಯ ಬಿಸಿಲಿಗೆ ಆ ಬಣ್ಣ ಕೆಲವೇ ತಿಂಗಳಲ್ಲಿ ಮಾಸಿ, ಸುತ್ತಲಿನ ಮರ ಮಾಸದೆ, ಹೊಸ ಕಡ್ಡಿ ಕಟ್ಟಿದ ಹಲ್ಲಿನಂತೆ ಎದ್ದು ಕಾಣತೊಡಗಿತು. ಕೊನೆಗೆ ಬಣ್ಣವನ್ನೆಲ್ಲ ತೆಗೆದು ಬರಿಯ ಮರವನ್ನೇ ಬಿಟ್ಟೆ. ಈಗ ಅದು ಹೊಸ ಕಡ್ಡಿಯೆಂದೇ ಕಾಣುತ್ತದೆ, ಆದರೆ ಕಣ್ಣಿಗೆ ಚುಚ್ಚುವುದಿಲ್ಲ.

ಇನ್ನು ಬಡಗಿಯೊಬ್ಬರು ಮಾಡಿಕೊಟ್ಟ ತೇಗದ ಕುರ್ಚಿ. ಮೊದಲ ನೋಟಕ್ಕೆ ಇದು ನನಗೆ ನಿರಾಸೆಯನ್ನೇ ತಂದಿತು. ಹೊಸದಾಗಿ ಹತ್ತರಿ ಹೊಡೆದ ತೇಗದಲ್ಲಿ ಹಸಿರು, ಕಂದು ಪಟ್ಟೆಗಳು ಒಂದಕ್ಕೊಂದು ಹೊಂದದೆ ಬಿದ್ದಿರುತ್ತವೆ. ಬೆಳಕು ತಾಗುತ್ತ ಹೋದಂತೆ ಅವು ಕರಗಿ ಹೊಂಗಂದಾಗುತ್ತವೆ ಎಂದು ಅವರು ಹೇಳಿದರೂ ನಾನು ಅಷ್ಟಾಗಿ ನಂಬಲಿಲ್ಲ. ನಂಬಿಸಿದ್ದು ನನ್ನದೇ ಅಶಿಸ್ತು. ಬೆನ್ನಾಸರೆಯ ಮೇಲೆ ಮಡಿಸಿ ಹಾಕಿದ ಟವೆಲ್ಲೊಂದು ಆರು ವಾರ ಅಲ್ಲಿಯೇ ಉಳಿದಿತ್ತು. ತೆಗೆದಾಗ ಅದರ ಆಕಾರದಷ್ಟೇ ಮರ ಹಳೆಯ ಹಸಿರುಪಟ್ಟೆಗಳೊಂದಿಗೆ ಇತ್ತು, ಸುತ್ತಲಿನದೆಲ್ಲ ಬಣ್ಣ ತಿರುಗಿತ್ತು.

ಕೈಯ ಗುರುತುಗಳು ಇದರಲ್ಲಿ ಹಗಲಿನ ನೇರ ಬೆಳಕಿನಲ್ಲಿ ಕಾಣುವುದೇ ಇಲ್ಲ. ಸಂಜೆ ಓರೆಯಾಗಿ ಬೆಳಕು ಬಿದ್ದಾಗ ಆಸನದ ಹಲಗೆಯ ಮೇಲೆ ಹತ್ತರಿಯ ಅಲಗು ಸಾಗಿದ ಅಗಲವಾದ, ಕೂದಲೆಳೆಯಷ್ಟು ತಗ್ಗಾದ ದಾರಿಗಳು ಒಂದರ ಪಕ್ಕ ಒಂದು ಮೂಡುತ್ತವೆ; ಬೆರಳಿಗೆ ಅವು ಕಣ್ಣಿಗಿಂತ ಮೊದಲೇ ಸಿಗುತ್ತವೆ. ಎರಡು ಕೈಯಾಸರೆಗಳ ಉದ್ದದಲ್ಲಿ 3 ಮಿಲಿಮೀಟರ್ ವ್ಯತ್ಯಾಸವಿದೆ. ಕೇಳಿದಾಗ ಅವರು, ‘ಒಂದರ ತುದಿಯಲ್ಲಿ ಗಂಟಿತ್ತು, ಅಷ್ಟು ಕೊಯ್ದೆ’ ಎಂದಷ್ಟೇ ಹೇಳಿದರು. ಈ ಉತ್ತರ ನನಗೆ ಹಿಡಿಸಿತು. ಕೈಕೆಲಸವೆಂದು ತೋರಿಸಲೆಂದೇ ಉಳಿಯ ಏಟುಗಳನ್ನು ಎಲ್ಲೆಂದರಲ್ಲಿ ಉಳಿಸುವ ಕುರ್ಚಿಗಳನ್ನೂ ನೋಡಿದ್ದೇನೆ. ಅವು ಕಾರ್ಖಾನೆಯ ಸುಳ್ಳು ಗೀರುಗಳಿಗೆ ಅಷ್ಟೇನೂ ದೂರದ ನೆಂಟರಲ್ಲ. 1925ರಲ್ಲಿ ಜಪಾನಿನ ಚಿಂತಕ ಯಾನಾಗಿ ಸೊಯೆತ್ಸು ಮತ್ತು ಅವರ ಕುಂಬಾರ ಗೆಳೆಯರು ‘ಮಿಂಗೇಯಿ’, ಅಂದರೆ ಜನಸಾಮಾನ್ಯರ ಕರಕುಶಲ, ಎಂಬ ಪದವನ್ನು ಹುಟ್ಟುಹಾಕಿದಾಗ ಎತ್ತಿಹಿಡಿದದ್ದು ಹೆಸರು ಬಯಸದ ಕುಶಲಿಗಳು ದಿನಬಳಕೆಗೆಂದು ಮಾಡಿದ ವಸ್ತುಗಳನ್ನು. 1936ರಲ್ಲಿ ಟೋಕಿಯೊದಲ್ಲಿ ಅವುಗಳಿಗಾಗಿಯೇ ಅವರು ಒಂದು ಸಂಗ್ರಹಾಲಯವನ್ನೂ ತೆರೆದರು. ಗಂಟಿತ್ತು, ಕೊಯ್ದೆ ಎನ್ನುವ ಮಾತು ಆ ಸಾಲಿಗೆ ಸೇರುವಂಥದ್ದು.

ಆರೈಕೆಯಲ್ಲಿ ಇದು ಸುಲಭದ್ದು. ಲೇಪವೆಂದರೆ ಅಗಸೆ ಎಣ್ಣೆ, ಅದರ ಮೇಲೆ ಜೇನುಮೇಣ. ಗೀರು ಬಿದ್ದರೆ ಅಲ್ಲಿಗಷ್ಟೇ ಮತ್ತೆ ಎಣ್ಣೆ ಹಚ್ಚಿದರಾಯಿತು. ಎಚ್ಚರಿಕೆ ಒಂದೇ: ಅಗಸೆ ಎಣ್ಣೆ ಆರಿ ಒಣಗುವುದಿಲ್ಲ, ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುತ್ತದೆ, ಆಗ ಶಾಖ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಅವು ತಾವಾಗಿಯೇ ಹೊತ್ತಿಕೊಳ್ಳಬಹುದು, ಹರಡಿ ಒಣಹಾಕಬೇಕು.

ಇಷ್ಟನ್ನು ಓದಿದವರು ನಾನು ಯಂತ್ರದ ವಿರೋಧಿಯೆಂದು ಭಾವಿಸಬಾರದು. ಈ ವರ್ಷದ ನಡುವೆ ಗೆಳೆಯರೊಬ್ಬರ ಮನೆಯಲ್ಲಿ, ಪೀಠೋಪಕರಣ ತಯಾರಕ ಮೈಕೆಲ್ ಥೋನೆಟ್ 1859ರಲ್ಲಿ ಹೊರತಂದ 14ನೇ ನಂಬರಿನ ಕುರ್ಚಿಯ ವಂಶದ್ದೇ ಒಂದರಲ್ಲಿ ಕೆಲವು ದಿನ ಕುಳಿತು ಬರೆದೆ. ಅದು ಅಪ್ಪಟ ಕಾರ್ಖಾನೆಯ ಕೂಸು. ಹಬೆಯಲ್ಲಿ ಬಗ್ಗಿಸಿದ ಬೀಚ್ ಮರದ ಆರು ತುಂಡು, ಹತ್ತು ಸ್ಕ್ರೂ, ಎರಡು ನಟ್ಟು. ಬಿಚ್ಚಿಟ್ಟರೆ 36 ಕುರ್ಚಿಗಳು ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಹಿಡಿಸುತ್ತಿದ್ದವು. ಆದರೂ ಗೆಳೆಯರ ಕುರ್ಚಿಯ ಹಿಂದಿನ ಕಮಾನು, ಎಳೆಯುವಾಗ ಕೈ ಹಾಕುವ ಜಾಗದಲ್ಲಿ, ನನ್ನ ಹಳೆಯ ಕುರ್ಚಿಯ ಕೈಯಾಸರೆಯಷ್ಟೇ ಸೊಗಸಾಗಿ ಸವೆದಿತ್ತು. ಒಳಗೂ ಹೊರಗೂ ಒಂದೇ ಮರ ಎಂಬುದೇ ಅದಕ್ಕೆ ಕಾರಣ.

ಆದ್ದರಿಂದ ನನ್ನ ತೀರ್ಪು ಹೀಗಿದೆ. ಬೇಗ ಮನೆ ಬದಲಿಸುವವರಿಗೆ, ನಾಲ್ಕಾರು ವರ್ಷ ನಡೆದರೆ ಸಾಕೆನ್ನುವವರಿಗೆ ಕಾರ್ಖಾನೆಯ ಕುರ್ಚಿ ಸಾಕು, ಆದರೆ ಸವೆತದ ವೇಷವಿಲ್ಲದ್ದನ್ನು ಕೊಳ್ಳುವುದು ಲೇಸು. ರಿಪೇರಿ ಮಾಡುವುದೇ ಖುಷಿ ಎನ್ನುವವರು ಹಳೆಯದನ್ನು ತರಬಹುದು. ಉಳಿದವರಿಗೆ ಅದು ಹೊರೆಯಾಗುತ್ತದೆ. ದಿನವಿಡೀ ಕುಳಿತು ಕೆಲಸ ಮಾಡುವವರಿಗೆ, ಕುರ್ಚಿ ಬಹುಕಾಲ ಬಾಳಬೇಕೆಂದಿದ್ದು ಕಾಯುವ ತಾಳ್ಮೆಯೂ ಇದ್ದರೆ, ಅಳತೆ ಕೊಟ್ಟು ಮಾಡಿಸಿದ್ದೇ ಸರಿ. ಚೆಲುವಿನಲ್ಲಿ ಹಳೆಯದನ್ನು ಸರಿಗಟ್ಟುವುದು ಇವತ್ತಿನ ಮಟ್ಟಿಗೆ ತೇಗದ ಕುರ್ಚಿಯಿಂದ ಆಗದು.

ಹಸಿರು ಕುರ್ಚಿ ಈಗ ಅಟ್ಟದ ಸಾಮಾನು ಇಳಿಸುವಾಗ ಹತ್ತಿ ನಿಲ್ಲುವುದಕ್ಕೆ ಬಳಕೆಯಾಗುತ್ತಿದೆ. ಹಳೆಯದು ಬಾಗಿಲ ಬಳಿ ಇದೆ. ಷೂ ಹಾಕಿಕೊಳ್ಳುವಾಗ ಮನೆಯವರೆಲ್ಲ ಅದರಲ್ಲಿ ಕೂರುತ್ತಾರೆ, ನಾನು ಬೋಳಿಸಿದ ಬಲ ಕೈಯಾಸರೆಗೆ ಆ ನೆಪದಲ್ಲಿ ಅಂಗೈಯ ಜಿಡ್ಡು ಮತ್ತೆ ಸಿಗುತ್ತಿದೆ. ಮೇಜಿನ ಮುಂದೆ ತೇಗದ ಕುರ್ಚಿ. ಟವೆಲ್ಲಿನ ಗುರುತು ಬಹುಮಟ್ಟಿಗೆ ಮಾಯವಾಗಿದೆ, ಎಡ ಕೈಯಾಸರೆಯ ಕೆಳಂಚಿನಲ್ಲಿ, ವಾಕ್ಯ ಹೊಳೆಯದಾಗ ನಾನು ಹೆಬ್ಬೆರಳು ಆಡಿಸುವ ಕಡೆ, ಕಾಸಿನಗಲದ ಒಂದು ನುಣುಪು ಮೂಡತೊಡಗಿದೆ.