ಜಿಪ್ಸಿಗೆ ಟರ್ಬೊನಾ, ಬಲೆನೊ ಎಂಜಿನ್ನಾ? ಹಲವು ಮಳೆಗಾಲ ಓಡಿಸಿದ ಮೇಲೆ

ಖುಷಿಯ ವಿಷಯ ಮೊದಲು. ಚಾರ್ಮಾಡಿ ಘಾಟಿಯಲ್ಲಿ ಕೊಟ್ಟಿಗೆಹಾರದ ಕಡೆಗೆ ಹತ್ತುವಾಗ, ಬಲೆನೊ ಕಾರಿನ ಎಂಜಿನ್ ಕೂರಿಸಿದ ನನ್ನ ಮಾರುತಿ ಜಿಪ್ಸಿ ಜೀಪು ಹೇರ್‌ಪಿನ್ ತಿರುವನ್ನು ಎರಡನೇ ಗೇರಿನಲ್ಲೇ ಆರಾಮಾಗಿ ಮುಗಿಸುತ್ತದೆ. ಮುಂದೆ ಲಾರಿ ತೆವಳುತ್ತಿದ್ದರೆ ಅದರ ಹಿಂದೆಯೇ ತೆವಳುತ್ತದೆ. ಜಾಗ ಸಿಕ್ಕಾಗ ಕಾಲು ಒತ್ತಿದರೆ ಸಾಕು. ಹಳೇ ಎಂಜಿನ್ ಇದ್ದಾಗ ಅದೇ ತಿರುವಿನಲ್ಲಿ ಒಂದನೇ ಗೇರಿಗೆ ಇಳಿಸಿ, ಎಂಜಿನ್ ಕಿರುಚಿಸಿ, ಮತ್ತೆ ಎರಡಕ್ಕೆ ಹಾಕುವಷ್ಟರಲ್ಲಿ ಹಿಂದಿನ ಬಸ್ಸಿನವನು ಹಾರ್ನ್ ಶುರು ಮಾಡಿರುತ್ತಿದ್ದ.

ಜಿಪ್ಸಿ ಕಿಂಗ್ ಇಟ್ಟುಕೊಂಡವರಿಗೆ ಇದು ಹೊಸ ವಿಷಯವಲ್ಲ. ಅದರ 1.3 ಲೀಟರ್ ಎಂಜಿನ್ನಿಗೆ 80 ಬಿಎಚ್‌ಪಿ ಶಕ್ತಿ ಅಂತ ಹೆಸರಿಗೆ ಇದೆ, ಆದರೆ ಅದನ್ನು ನೋಡಬೇಕಾದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಅಂತ ತೋರಿಸುವ ಮುಳ್ಳು 6,000ದ ಹತ್ತಿರ ಹೋಗಬೇಕು. ತೋಟದ ದಾರಿಯಲ್ಲಿ, ಹಿಂದೆ ಗೊಬ್ಬರದ ಮೂಟೆ ಇಟ್ಟುಕೊಂಡು, ಯಾರು ಅಷ್ಟು ಓಡಿಸುತ್ತಾರೆ? ನಮಗೆ ಬೇಕಾದದ್ದು 1,500ರಿಂದ 3,000 ಸುತ್ತಿನ ಒಳಗಿನ ಎಳೆತ. ಅಲ್ಲಿ ಹಳೇ ಎಂಜಿನ್ ಏನೂ ಕೊಡುತ್ತಿರಲಿಲ್ಲ.

ದಾರಿ ಎರಡೇ ಇದ್ದವು. ಇದ್ದ ಎಂಜಿನ್‌ಗೇ ಟರ್ಬೊ, ಅಂದರೆ ಜಾಸ್ತಿ ಗಾಳಿ ತುಂಬುವ ಸಾಧನ, ಕೂರಿಸುವುದು, ಇಲ್ಲವೇ ಎಂಜಿನ್ನನ್ನೇ ಬದಲಿಸುವುದು. ನನ್ನ ಭಾವ, ಅಂದರೆ ಅಕ್ಕನ ಗಂಡ, ಟರ್ಬೊ ಹಾಕಿಸಿದರು. ನಾನು ಹಳೇ ಬಲೆನೊ ಸೆಡಾನ್‌ನ 1.6 ಲೀಟರ್ ಎಂಜಿನ್ ಹಾಕಿಸಿದೆ. ಇಬ್ಬರದ್ದೂ ಒಂದೇ ಮಾದರಿ ಜಿಪ್ಸಿ, ಪಕ್ಕಪಕ್ಕದ ತೋಟ, ಒಂದೇ ಕೆಸರು. ಹಾಗಾಗಿ ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆ ಅವಕಾಶ ಸಿಗುವುದಿಲ್ಲ.

ಬಲೆನೊ ಎಂಜಿನ್ ಯಾಕೆ ಅಂದರೆ, ಎರಡೂ ಸುಜುಕಿಯ ಜಿ ಸರಣಿಯವೇ. ಜಿಪ್ಸಿಯದ್ದು ಜಿ13, ಬಲೆನೊದ್ದು ಜಿ16. ಸಿಲಿಂಡರಿನ ಅಗಲ 74 ಮಿಲಿಮೀಟರ್ ಇದ್ದದ್ದು 75 ಆಗುತ್ತದೆ, ಅಷ್ಟೇ. ಆದರೆ ಪಿಸ್ಟನ್ ಓಡಾಡುವ ದೂರ 75.5ರಿಂದ 90ಕ್ಕೆ ಏರುತ್ತದೆ. ಕೆಳಗಿನ ಎಳೆತ ಬರುವುದು ಇಲ್ಲಿಂದ. ಎಳೆತ 103 ನ್ಯೂಟನ್ ಮೀಟರ್ ಇದ್ದದ್ದು ಸುಮಾರು 130 ಆಯಿತು ಅನ್ನುವುದಕ್ಕಿಂತ, ಅದು 4,500 ಸುತ್ತಿನ ಬದಲು 3,000ಕ್ಕೇ ಸಿಗುತ್ತದೆ ಅನ್ನುವುದು ನನಗೆ ದೊಡ್ಡದು.

ಎಂಜಿನ್ ಸಿಕ್ಕಿದ್ದು ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ. ದುಡ್ಡು ಆ ವರ್ಷದ ಕಾಳುಮೆಣಸಿನದ್ದು. ಎಂಜಿನ್, ಅದನ್ನು ನಡೆಸುವ ಕಂಪ್ಯೂಟರ್ ಪೆಟ್ಟಿಗೆ (ಇಸಿಯು), ವೈರಿಂಗ್ ಮೂರೂ ಒಂದೇ ಗಾಡಿಯದ್ದೇ ಇರಲಿ ಅಂತ ಹಟ ಹಿಡಿದು ತಂದೆ. ಬಲೆನೊದಲ್ಲಿ ಎಂಜಿನ್ ಅಡ್ಡಕ್ಕೆ ಕೂರುತ್ತದೆ, ಜಿಪ್ಸಿಯಲ್ಲಿ ಉದ್ದಕ್ಕೆ. ಅದಕ್ಕೆ ಆಯಿಲ್ ಸಂಪ್, ಮೌಂಟಿಂಗ್ ಎಲ್ಲ ಜಿಪ್ಸಿಯವೇ ಬೇಕು. ಎಂಜಿನ್ ಎತ್ತರವೂ ಸ್ವಲ್ಪ ಜಾಸ್ತಿ, ಬಾನೆಟ್ ಕೆಳಗೆ ಬೆರಳು ತೂರುವಷ್ಟು ಜಾಗ ಉಳಿದಿದೆ. ರೇಡಿಯೇಟರಿಗೆ ದಪ್ಪನೆಯ ಕೋರ್ ಹಾಕಿಸಿದ ಮೇಲೆ ಬಿಸಿಯ ಮುಳ್ಳು ಅರ್ಧ ದಾಟಿಲ್ಲ. ಕ್ಲಚ್ ಮಾತ್ರ ಬೇಗ ಸವೆಯುತ್ತದೆ. ಬ್ರೇಕು ಹಳೆಯದೇ, ಇಳಿಜಾರಿನಲ್ಲಿ ಅದನ್ನು ಮರೆಯುವ ಹಾಗಿಲ್ಲ.

ಇನ್ನು ಟರ್ಬೊ. ಹೊರಗೆ ಹೋಗುವ ಹೊಗೆಯಿಂದಲೇ ಫ್ಯಾನ್ ತಿರುಗಿಸಿ ಎಂಜಿನ್‌ಗೆ ಜಾಸ್ತಿ ಗಾಳಿ ತುಂಬುವುದು ಒಳ್ಳೇ ಉಪಾಯವೇ. ಆದರೆ ಒತ್ತಿದ ಗಾಳಿ ಬಿಸಿಯಾಗುತ್ತದೆ. ಜಿಪ್ಸಿ ಎಂಜಿನ್ ಟರ್ಬೊಗೆ ಅಂತ ಮಾಡಿದ್ದಲ್ಲ, ಒಳಗೆ ಮೊದಲೇ ಒತ್ತಡ ಜಾಸ್ತಿ. ಪೆಟ್ರೋಲ್ ಹೊತ್ತಿಗೆ ಮುಂಚೆಯೇ ಹತ್ತಿಕೊಂಡು ಕಟಕಟ ಅಂತ ನಾಕಿಂಗ್ ಶುರುವಾಗುತ್ತದೆ. ಅದಕ್ಕೆ ಭಾವ ಆ ಗಾಳಿ ತಣಿಸುವ ಇಂಟರ್‌ಕೂಲರ್ ಹಾಕಿಸಿ, ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, 0.4 ಬಾರ್‌ಗೆ ಇಳಿಸಿ, ಕಿಡಿ ಹಾರುವ ಟೈಮಿಂಗ್ ಹಿಂದೆ ತಳ್ಳಿಸಿ, ಸುಲಭಕ್ಕೆ ನಾಕಿಂಗ್ ಆಗದ 95 ಆಕ್ಟೇನ್ ಪೆಟ್ರೋಲ್ ಹುಡುಕಿಕೊಂಡು ತಿರುಗುತ್ತಾರೆ. ಇಷ್ಟೆಲ್ಲ ಮಾಡಿದ ಮೇಲೂ ಬೂಸ್ಟ್ ಬರುವುದು ಮೂರು ಸಾವಿರ ದಾಟಿದ ನಂತರವೇ.

ಇದು ಟಾರ್ ರಸ್ತೆಯಲ್ಲಿ ಮಜಾ ಕೊಡುತ್ತದೆ, ಸುಳ್ಳಲ್ಲ. ತೊಂದರೆ ಆಗುವುದು ಜುಲೈ ತಿಂಗಳ ಕೆಂಪು ಕೆಸರಿನಲ್ಲಿ. ಏರಿನಲ್ಲಿ ಚಕ್ರ ಹಿಡಿತ ಹುಡುಕುತ್ತಿರುವಾಗ ನಿಧಾನಕ್ಕೆ, ಒಂದೇ ಸಮನೆ ಎಳೆಯಬೇಕು. ಟರ್ಬೊ ಮಾತ್ರ, ಪೆಟ್ಟಿಗೆ ಎತ್ತುವಾಗ ಕಾಣದೆ ಇಳಿಸುವ ಹೊತ್ತಿಗೆ ಓಡಿ ಬಂದು ತಳ್ಳುವ ನೆಂಟನ ಹಾಗೆ. ಮೊದಲು ಏನೂ ಇಲ್ಲ, ಆಮೇಲೆ ಒಮ್ಮೆಲೇ ಎಲ್ಲ. ನಾಲ್ಕೂ ಚಕ್ರ ಗಿರ್ರನೆ ತಿರುಗಿ ಗಾಡಿ ಅಲ್ಲೇ ಗುಂಡಿ ತೋಡಿಕೊಳ್ಳುತ್ತದೆ. ಭಾವನ ಗಾಡಿಯನ್ನು ನಮ್ಮ ಕೆರೆ ಏರಿಯ ಪಕ್ಕದ ಏರಿನಿಂದ ನನ್ನ ಜಿಪ್ಸಿಯಲ್ಲಿ ಎಳೆದದ್ದಿದೆ. ಹಗ್ಗ ಕಟ್ಟುವಾಗ ಅವರ ಮುಖ ನೋಡಬೇಕಿತ್ತು.

ಆದರೆ ಮುಳ್ಳಯ್ಯನಗಿರಿ ಕಡೆ ಹೋದರೆ ನಗುವ ಸರದಿ ಅವರದ್ದು. ಆ ಬೆಟ್ಟ 1,930 ಮೀಟರ್. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಟರ್ಬೊ ಇಲ್ಲದ ಎಂಜಿನ್ ನೂರು ಮೀಟರಿಗೆ ಸುಮಾರು ಶೇಕಡಾ ಒಂದರಷ್ಟು ಶಕ್ತಿ ಬಿಟ್ಟುಕೊಡುತ್ತದೆ. ತುದಿ ಹತ್ತಿರ ಬರುವಷ್ಟರಲ್ಲಿ ನನ್ನ ಎಂಜಿನ್ ಐದರಲ್ಲಿ ಒಂದು ಪಾಲಿನಷ್ಟು ಕಳೆದುಕೊಂಡಿರುತ್ತದೆ. ಭಾವನ ಟರ್ಬೊ ಆ ತೆಳು ಗಾಳಿಯನ್ನೇ ಒತ್ತಿ ತುಂಬಿಕೊಂಡು ನನ್ನನ್ನು ದಾಟಿ ಹೋಗುತ್ತದೆ. ಅಲ್ಲೇ ಮನೆ ಇದ್ದಿದ್ದರೆ ನಾನೂ ಟರ್ಬೊ ಅನ್ನುತ್ತಿದ್ದೆ.

ಟರ್ಬೊ ಗಾಡಿಯ ಇನ್ನೊಂದು ವಿಷಯ ನನಗೆ ಇಷ್ಟ. ಭಾವ ಮನೆಯ ಏರು ಹತ್ತಿ ಬಂದರೆ ಕೀ ತೆಗೆಯುವುದಿಲ್ಲ. ಇಳಿದು, ಗೇಟು ಹಾಕಿ, ತೊಟ್ಟಿಯ ಹತ್ತಿರ ಕಾಲು ತೊಳೆದು, ನಾಯಿಯ ಕಿವಿ ತುರಿಸಿ, ಆಮೇಲೆ ಬಂದು ಆಫ್ ಮಾಡುತ್ತಾರೆ. ನಾನು ಅವಸರ ಮಾಡಿದರೆ “ನೀ ಇಳಿಯೋ ಮಾರಾಯ, ಅದು ಸ್ವಲ್ಪ ಆರಲಿ” ಅನ್ನುತ್ತಾರೆ. ಕಾದ ಟರ್ಬೊದ ಬೇರಿಂಗಿಗೆ ಆಯಿಲ್ ಓಡುತ್ತಿರಬೇಕು. ತಕ್ಷಣ ಆಫ್ ಮಾಡಿದರೆ ಒಳಗೆ ನಿಂತ ಆಯಿಲ್ ಸುಟ್ಟು ಕರಕಾಗುತ್ತದೆ. ಅಕ್ಕನಿಗೆ ಈ ತಾಳ್ಮೆ ಇಲ್ಲ, ಅವಳು ಆ ಗಾಡಿ ಮುಟ್ಟುವುದೇ ಇಲ್ಲ. ನನ್ನ ಜಿಪ್ಸಿಗೆ ಇರುವ ಶಾಸ್ತ್ರ ಒಂದೇ: ಬೆಳಿಗ್ಗೆ ಬಾನೆಟ್ ಎತ್ತಿ ಇಲಿ ವೈರ್ ಕಡಿದಿದೆಯಾ ಅಂತ ನೋಡಿ, ನುಸಿಗುಳಿಗೆಯ ಚೀಲ ಸರಿ ಮಾಡಿ, ಕೀ ತಿರುಗಿಸುವುದು. ಪೆಟ್ರೋಲ್ ಪಂಪು ಜುಂಯ್ ಅಂದು ನಿಲ್ಲುತ್ತದೆ, ಆಮೇಲೆ ಅರ್ಧ ಸುತ್ತಿಗೇ ಸ್ಟಾರ್ಟ್.

ಇಲ್ಲಿಗೇ ನಿಲ್ಲಿಸಿದ್ದರೆ ಐದಕ್ಕೆ ಐದು ಸ್ಟಾರ್ ಕೊಡುತ್ತಿದ್ದೆ. ಆದರೆ ಗಾಡಿಗೆ ಹದಿನೈದು ವರ್ಷ ತುಂಬಿತು. ಆರ್‌ಸಿ ನವೀಕರಣಕ್ಕೆ ಗಾಡಿ ತೋರಿಸಬೇಕು, ಎಂಜಿನ್ ನಂಬರ್ ಆರ್‌ಸಿಯಲ್ಲಿ ಇರುವುದಕ್ಕೆ ತಾಳೆಯಾಗಬೇಕು. ಎಂಜಿನ್ ಕೂರಿಸಿಕೊಟ್ಟ ಗ್ಯಾರೇಜಿನವರು ದುಡ್ಡು ಎಣಿಸಿಕೊಳ್ಳುವಾಗ ಈ ಮಾತೇ ಎತ್ತಿರಲಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಬದಲಾವಣೆಯನ್ನು ಒಪ್ಪುವುದಿಲ್ಲ. ತಯಾರಕರು ಕೊಟ್ಟ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಿಸುವಂತಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಕೆಟ್ಟ ಎಂಜಿನ್ ತೆಗೆದು ಅದೇ ಜಾತಿಯದ್ದನ್ನು ಅನುಮತಿ ಪಡೆದು ಹಾಕುವುದು ಬೇರೆ, 1.3ರ ಜಾಗದಲ್ಲಿ 1.6 ಕೂರಿಸುವುದು ಬೇರೆ. ಟರ್ಬೊದಲ್ಲಿ ಎಂಜಿನ್ ನಂಬರ್ ಬದಲಾಗುವುದಿಲ್ಲ, ಹಾಗಂತ ಭಾವನೂ ಬಚಾವ್ ಅಲ್ಲ. ಅದೂ ಮಾರ್ಪಾಡೇ. ಆರ್‌ಸಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಇನ್ಶೂರೆನ್ಸ್. ಘಾಟಿಯಲ್ಲಿ ಯಾರಿಗಾದರೂ ಏನಾದರೂ ಆಗಿ, ಸರ್ವೇಯರ್ ಬಂದು ಬಾನೆಟ್ ಎತ್ತಿದರೆ ಏನು ಉತ್ತರ ಕೊಡುವುದು?

ಪುಣ್ಯಕ್ಕೆ ಹಳೇ ಎಂಜಿನ್ ಮಾರಿರಲಿಲ್ಲ. ಕಾಫಿ ಗೋದಾಮಿನ ಮೂಲೆಯಲ್ಲಿ ಗ್ರೀಸ್ ಬಳಿದು ಗೋಣಿಚೀಲ ಸುತ್ತಿ ಇಟ್ಟಿದ್ದೆ. ಈ ಬೇಸಿಗೆಯಲ್ಲಿ ಅದನ್ನು ವಾಪಸ್ ಕೂರಿಸುತ್ತಿದ್ದೇನೆ. ಮತ್ತೆ ಒಂದನೇ ಗೇರು, ಮತ್ತೆ ಬಸ್ಸಿನ ಹಾರ್ನು.

ನನ್ನ ಲೆಕ್ಕ ಹೀಗಿದೆ. ಗಾಡಿ ತೋಟದ ಬೇಲಿ ದಾಟುವುದೇ ಇಲ್ಲ ಅನ್ನುವವರು ಎಂಜಿನ್ ಬದಲಿಸಿ, ಟರ್ಬೊ ಬೇಡ. ರಸ್ತೆಗೆ ಇಳಿಯುವವರು ಎರಡನ್ನೂ ಬಿಡಿ. ಮಾರುತಿಯದ್ದೇ ಜೀಪು ಜಿಮ್ನಿಯ 1.5 ಲೀಟರ್ ಎಂಜಿನ್ ಕಂಪನಿಯಿಂದಲೇ 134 ನ್ಯೂಟನ್ ಮೀಟರ್ ಕೊಡುತ್ತದೆ, ನನ್ನ ಗುಜರಿ ಎಂಜಿನ್‌ಗಿಂತ ಸ್ವಲ್ಪ ಜಾಸ್ತಿಯೇ, ಕಾಗದಪತ್ರದ ಸಮೇತ. ಆ ದುಡ್ಡು ನನ್ನ ಹತ್ತಿರ ಇಲ್ಲ ಅನ್ನುವುದು ಬೇರೆ ಮಾತು. ಬಲೆನೊ ಎಂಜಿನ್ ಮಾರುವುದಿಲ್ಲ, ಕೇಳಬೇಡಿ. ಭಾವನ ಟರ್ಬೊ ಬೇಕಾದರೆ ಕೇಳಿ ನೋಡಬಹುದು. ಇಂಟರ್‌ಕೂಲರ್ ಬೇರೆ ರೇಟು ಅಂತೆ.